ಮೊದಲ ದಿನದ ಚೀಟಿಯಲ್ಲಿ ‘ಬಿದ್ದು ಪೆಟ್ಟು’ ಅಂತಿದ್ದರೆ ಕ್ಲೇಮ್ ಕಥೆ ಮುಗಿಯಿತಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಶಿಡ್ಲಘಟ್ಟದವನು, ವಯಸ್ಸು 38. ಮನೆ ಪಕ್ಕದಲ್ಲೇ ಸಣ್ಣ ರೇಷ್ಮೆ ರೀಲಿಂಗ್ ಯೂನಿಟ್ ಇದೆ. ಕೆಲಸದವರ ಜೊತೆ ನಾನೂ, ಬಿಸಿನೀರಿನಲ್ಲಿ ರೇಷ್ಮೆಗೂಡು ಹಾಕಿ ನೂಲು ತೆಗೆಯುವ ಬೇಸಿನ್ ಮುಂದೆ ಕೂರುತ್ತೇನೆ. 26 ದಿನದ ಹಿಂದೆ, ಭಾನುವಾರ ಸಂಜೆ, ಭಾವನ ಕಾರಿನಲ್ಲಿ ಚಿಕ್ಕಬಳ್ಳಾಪುರದಿಂದ ಊರಿಗೆ ಬರುತ್ತಿದ್ದೆವು. ಹಂಪ್ ಬಂತೆಂದು ಭಾವ ನಿಧಾನ ಮಾಡಿದರು. ಹಿಂದಿನಿಂದ ಬೆಂಗಳೂರಿನವರ ಕಾರೊಂದು ಬಂದು ಗುದ್ದಿತು. ನಾನು ಮುಂದಿನ ಸೀಟಿನಲ್ಲಿದ್ದೆ, ಬೆಲ್ಟ್ ಹಾಕಿದ್ದೆ. ಬಲಗೈ ಡ್ಯಾಶ್‌ಬೋರ್ಡಿಗೆ ಜೋರಾಗಿ ಊರಿತು. ಕತ್ತು ಸ್ವಲ್ಪ ಹಿಡಿದಂತಾಯಿತು, ಅಷ್ಟೇ. ಆ ಹುಡುಗ ಒಳ್ಳೆಯವನು, ತಪ್ಪು ಒಪ್ಪಿಕೊಂಡ. ಫೋನ್‌ಪೇಯಲ್ಲಿ 5,000 ರೂಪಾಯಿ ಹಾಕಿದ. ಪೊಲೀಸು ಗಿಲೀಸು ಬೇಡ ಎಂದು ನಾವೂ ಬಂದೆವು. ರಾತ್ರಿ ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದಾಗ ‘ಬಿದ್ದೆ’ ಅಂದುಬಿಟ್ಟೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವು ಹೋಗಲೇ ಇಲ್ಲ. ಹದಿನೈದು ದಿನ ಬಿಟ್ಟು ಮೂಳೆ ಡಾಕ್ಟರ ಹತ್ತಿರ ಹೋದರೆ ಮಣಿಕಟ್ಟಿನ ಸಣ್ಣ ಮೂಳೆ ಬಿರುಕು ಬಿಟ್ಟಿದೆ, ಎರಡು ಮೂರು ತಿಂಗಳು ಪ್ಲಾಸ್ಟರ್ ಅಂದರು. ವಿಷಯ ತಿಳಿಸಿದಾಗ ಆ ಹುಡುಗ ತನ್ನ ಇನ್ಶೂರೆನ್ಸ್ ಕಂಪನಿಗೆ ಹೇಳಿದ್ದಾನೆ. ಈಗ ಕಂಪನಿ ಕಡೆಯವರು ಅಂತ ಒಬ್ಬರು ಫೋನ್ ಮಾಡಿ, 25,000 ಕೊಡುತ್ತೇವೆ, ‘ಫುಲ್ ಅಂಡ್ ಫೈನಲ್’, ಅಂದರೆ ಇನ್ನು ಮುಂದೆ ಏನೂ ಕೇಳುವುದಿಲ್ಲ, ಎಂಬ ಕಾಗದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ? ಈಗ ಪೊಲೀಸ್ ದೂರು ಕೊಡಬಹುದೇ? ಭಾವ ತಮ್ಮ ಬಂಪರ್ ಕ್ಲೇಮಿಗೆ ‘ಮನೆ ಹತ್ತಿರ ಕಂಬಕ್ಕೆ ತಗುಲಿತು’ ಎಂದು ಬರೆಯಲು ಹೊರಟಿದ್ದಾರೆ, ಅದರಿಂದ ತೊಂದರೆ ಇದೆಯಾ? ಆ 5,000 ವಾಪಸ್ ಕೊಟ್ಟುಬಿಡಬೇಕಾ?

ಉತ್ತರ: ಆ ಕಾಗದಕ್ಕೆ ಸಹಿ ಹಾಕಬೇಡಿ. ಇವತ್ತು ಹಾಕದಿದ್ದರೆ ನಿಮಗೆ ಏನೂ ನಷ್ಟವಿಲ್ಲ. 25,000 ಎಲ್ಲಿಗೂ ಓಡಿಹೋಗುವುದಿಲ್ಲ. ಹಾಕಿದರೆ ಮಾತ್ರ ಆಮೇಲೆ ಅದನ್ನು ಬಿಡಿಸಿಕೊಳ್ಳುವುದೇ ಒಂದು ಬೇರೆ ಕೇಸು.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಎಂದರೆ, ನಿಮ್ಮ ಮೂಳೆಯ ವಿಷಯವೇ ಹಾಗಿದೆ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಸ್ಕೇಫಾಯ್ಡ್ ಮೂಳೆ ಇರಬೇಕು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನೊಳಗೆ, ಗೋಡಂಬಿಯಷ್ಟು ಸಣ್ಣದು. ಕೈ ಚಾಚಿ ಎಲ್ಲಾದರೂ ಊರಿದಾಗ ಮೊದಲು ಪೆಟ್ಟು ತಿನ್ನುವುದೇ ಇದು. ಮೊದಲ ದಿನದ ಎಕ್ಸ್‌ರೇಯಲ್ಲಿ ಇದರ ಬಿರುಕು ಕಾಣದೇ ಇರುವುದು ಹೊಸದೇನಲ್ಲ. ಅದಕ್ಕೇ ಅನುಮಾನ ಬಂದರೆ 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ. ಇದಕ್ಕೆ ರಕ್ತ ಹರಿಯುವುದು ಬೆರಳಿನ ಕಡೆಯ ತುದಿಯಿಂದ. ನಡುವೆ ಬಿರುಕು ಬಿಟ್ಟರೆ ಮುಂಗೈ ಕಡೆಯ ತುಂಡಿಗೆ ರಕ್ತ ಕಡಿಮೆಯಾಗುತ್ತದೆ. ಹಾಗಾಗಿ ಕೂಡಿಕೊಳ್ಳುವುದು ನಿಧಾನ, ಕೆಲವರಿಗೆ ಕೂಡುವುದೇ ಇಲ್ಲ, ಸ್ಕ್ರೂ ಹಾಕಬೇಕಾಗುತ್ತದೆ. ಬೀಡಿ ಸಿಗರೇಟು ಇದ್ದರೆ ಇನ್ನೂ ನಿಧಾನ. ಈ ಮಾತು ನನ್ನದಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತ ಮೂಳೆ ಡಾಕ್ಟರುಗಳಿಂದ ಇಷ್ಟು ವರ್ಷದಲ್ಲಿ ಕೇಳಿ ಕೇಳಿ ಕಲಿತದ್ದು. ಕೈ ಸರಿಹೋಗುತ್ತದೋ ಇಲ್ಲವೋ ಎಂದು ನಿಮ್ಮ ಡಾಕ್ಟರಿಗೇ ಇನ್ನೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ‘ಫೈನಲ್’ ಎಂಬ ಪದಕ್ಕೆ ಸಹಿ ಹಾಕುವುದು ಎಂದರೆ ಗೂಡು ನೋಡದೆಯೇ ಹರಾಜು ಕೂಗಿದ ಹಾಗೆ. ನಿಮ್ಮ ಮಾರುಕಟ್ಟೆಯಲ್ಲಿ ಹಾಗೆ ಯಾರಾದರೂ ಕೂಗುತ್ತಾರಾ?

ಇನ್ನು ಕಾನೂನಿನ ಕಣ್ಣಿಗೆ ಇದು ‘ಸಣ್ಣ ಪೆಟ್ಟು’ ಅಲ್ಲವೇ ಅಲ್ಲ. ಕಾರಿಗೆ ಆದದ್ದು ಸಣ್ಣ ಅಪಘಾತ ಇರಬಹುದು. ಆದರೆ ಮೂಳೆ ಮುರಿದರೆ, ಅದು ಎಷ್ಟೇ ಸಣ್ಣ ಮೂಳೆಯಾಗಲಿ, ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಪ್ರಕಾರ ಅದು ತೀವ್ರ ಗಾಯ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ತೀವ್ರ ಗಾಯವಾದವರಿಗೆ 2.5 ಲಕ್ಷ ರೂಪಾಯಿ ಪರಿಹಾರ ಎನ್ನುತ್ತದೆ. ಸಾವಾದರೆ 5 ಲಕ್ಷ. 2019ರ ತಿದ್ದುಪಡಿಯಲ್ಲಿ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಲ್ಲಿ ತಪ್ಪು ಯಾರದು ಎಂದು ಸಾಬೀತು ಮಾಡಬೇಕಾಗಿಯೂ ಇಲ್ಲ, ವಾಹನದಿಂದ ಅಪಘಾತ ಆಗಿ ಗಾಯವಾಯಿತು ಎಂದು ತೋರಿಸಿದರೆ ಸಾಕು. ಈಗ ಆ 25,000ವನ್ನು ಇದರ ಪಕ್ಕ ಇಟ್ಟು ನೋಡಿ. ಹತ್ತನೇ ಒಂದು ಪಾಲು.

ಆದರೆ 164ಕ್ಕೆ ಓಡುವ ಮುನ್ನ ಒಂದು ಮಾತು. ಅದರಡಿ ದುಡ್ಡು ಒಪ್ಪಿಕೊಂಡರೆ 166ನೇ ಸೆಕ್ಷನ್ ಅಡಿ ಹಾಕುವ ಪೂರ್ತಿ ಪರಿಹಾರದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 166ರಲ್ಲಿ ಎದುರಿನವರ ತಪ್ಪು ತೋರಿಸಬೇಕು, ಕಾಯಬೇಕು. ಅದರ ಬದಲಿಗೆ ಖರ್ಚು, ಕಳೆದುಹೋದ ದುಡಿಮೆ, ಮುಂದೆ ಕೈಯಲ್ಲಿ ಉಳಿಯುವ ಊನ ಎಲ್ಲವನ್ನೂ ಲೆಕ್ಕ ಹಾಕಿ ಕೇಳಬಹುದು. ಹಿಂದಿನಿಂದ ಬಂದು ಗುದ್ದಿದ ಕೇಸಿನಲ್ಲಿ ತಪ್ಪು ತೋರಿಸುವುದು ಕಷ್ಟವಲ್ಲ. ಮುಂದಿನ ಗಾಡಿಗೂ ತನಗೂ ಅಂತರ ಇಟ್ಟುಕೊಳ್ಳಬೇಕಾದದ್ದು ಹಿಂದಿನವನ ಕೆಲಸ. ಎರಡರಲ್ಲಿ ಯಾವುದು ಎಂದು ಈಗಲೇ ತೀರ್ಮಾನಿಸಬೇಡಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ನೋಡಿ ತೀರ್ಮಾನಿಸಿ.

ಇಷ್ಟೆಲ್ಲ ಹೇಳಿದೆ. ಆದರೂ ನಿಮ್ಮ ಪತ್ರ ಓದುವಾಗ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಆ ರಾತ್ರಿಯ ಒಂದು ಪದ: ‘ಬಿದ್ದೆ’.

ನಾನು ಕೆಲವು ವರ್ಷ ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಕೋರ್ಟಿನಲ್ಲಿ ನಿಂತವನು. ಫೈಲ್ ಬಂದ ಕೂಡಲೇ ಆ ಕಡೆ ಕೂತ ನಾವು ಹುಡುಕುತ್ತಿದ್ದದ್ದು ಆಪರೇಷನ್ ಬಿಲ್ ಅಲ್ಲ, ಎಫ್ಐಆರ್ ಕೂಡ ಅಲ್ಲ. ಗಾಯಾಳು ಮೊದಲ ಬಾರಿ ಡಾಕ್ಟರ ಮುಂದೆ ಕೂತಾಗ ಬರೆದ ಚೀಟಿ. ಅದರಲ್ಲಿ ‘ಹಿಸ್ಟರಿ’ ಎಂದು ಒಂದು ಸಾಲು ಇರುತ್ತದೆ. ಪೆಟ್ಟು ಹೇಗಾಯಿತು ಅಂತ. ಅಲ್ಲಿ ‘ಆರ್‌ಟಿಎ’ ಅಂದರೆ ರಸ್ತೆ ಅಪಘಾತ ಎಂದು ಬರೆದಿದ್ದರೆ ನಮ್ಮ ಕೆಲಸ ಕಷ್ಟ. ‘ಬಿದ್ದು ಪೆಟ್ಟು’ ಎಂದಿದ್ದರೆ ಅರ್ಧ ಕೇಸು ಗೆದ್ದ ಹಾಗೆ. ಸಾಕ್ಷಿಕಟ್ಟೆಗೆ ಬಂದ ಮನುಷ್ಯನನ್ನು ‘ಆವತ್ತು ಡಾಕ್ಟರಿಗೆ ಹೇಳಿದ್ದು ಸುಳ್ಳೋ, ಇವತ್ತು ಕೋರ್ಟಿಗೆ ಹೇಳುತ್ತಿರುವುದು ಸುಳ್ಳೋ’ ಎಂದು ಕೇಳಿದರೆ ಸಾಕು, ಪಾಪ, ಬೆವರುತ್ತಿದ್ದರು. ನಾನೂ ಕೇಳಿದ್ದೇನೆ. ಆಮೇಲೆ ಒಂದು ದಿನ ನನ್ನದೇ ಸ್ಕೂಟರಿಗೆ ಯಾರೋ ಕಾರಿನ ಬಾಗಿಲು ತೆಗೆದರು, ನಾನು ರಸ್ತೆಗೆ ಬಿದ್ದೆ. ಒಂದು ಆಸ್ಪತ್ರೆಯ ಕ್ಯಾಷುಯಲ್ಟಿಯಲ್ಲಿ ಅವಸರದಲ್ಲಿ ‘ಸ್ಕೂಟರಿನಿಂದ ತಾನೇ ಬಿದ್ದದ್ದು’ ಎಂದು ಬರೆದಿದ್ದರು. ಚೀಟಿ ಓದುವುದೇ ಕಸುಬಾದ ನಾನು, ನನ್ನ ಚೀಟಿ ಓದದೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದಿದ್ದೆ! ಅದನ್ನು ಸರಿಪಡಿಸಲು ಹೋದ ಅಲೆದಾಟ ಈಗಲೂ ನೆನಪಿದೆ.

ಹಾಗಾದರೆ ನಿಮ್ಮ ಕೇಸು ಮುಗಿಯಿತಾ? ಇಲ್ಲ. ಆದರೆ ಅದನ್ನು ಉಳಿಸುವ ಕೆಲಸ ಈ ವಾರವೇ ಆಗಬೇಕು.

ಮೊದಲನೆಯದಾಗಿ, ಆ ಕ್ಲಿನಿಕ್ಕಿಗೆ ಹೋಗಿ ‘ಚೀಟಿ ಬದಲಾಯಿಸಿಕೊಡಿ ಡಾಕ್ಟ್ರೇ’ ಎಂದು ಕೇಳಬೇಡಿ. ಪರಿಚಯದವರು, ಬರೆದುಕೊಟ್ಟೂ ಬಿಡಬಹುದು. ಆಗ ನಿಜವಾದ ಅಪಘಾತಕ್ಕೆ ಸುಳ್ಳು ದಾಖಲೆ ಅಂಟಿಕೊಳ್ಳುತ್ತದೆ, ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಹಳೆಯದು ಹಾಗೇ ಇರುತ್ತದೆ. ಆ ಚೀಟಿಯನ್ನು ಹಾಗೇ ಇಟ್ಟುಕೊಳ್ಳಿ. ತಾರೀಖು, ಸಮಯ, ಬಲಗೈ ಮಣಿಕಟ್ಟು, ಕತ್ತು ನೋವು, ಎಕ್ಸ್‌ರೇ ತೆಗೆಸಿದ್ದು ಇವೆಲ್ಲ ಅದರಲ್ಲಿ ಇವೆಯಲ್ಲ, ಅವು ನಿಮ್ಮ ಪರವಾಗಿಯೇ ಇವೆ. ಅಪಘಾತವಾದ ರಾತ್ರಿಯೇ ಅದೇ ಕೈಗೆ ನೋವು ಎಂದು ಹೋಗಿದ್ದೀರಿ ಎಂದು ಅದು ಹೇಳುತ್ತದೆ. ಬರೀ ಮನೆಯಲ್ಲಿ ಬಿದ್ದವನು ಡ್ಯಾಶ್‌ಬೋರ್ಡಿಗೆ ಕೈ ಊರಿದವನ ಹಾಗೆ ಕತ್ತು ಹಿಡಿದುಕೊಂಡು ಬರುವುದು ಅಪರೂಪ.

ಎರಡನೆಯದು, ಈಗ ನೋಡುತ್ತಿರುವ ಮೂಳೆ ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ. ಯಾವ ದಿನ, ಯಾವ ರಸ್ತೆ, ಹೇಗೆ ಗುದ್ದಿತು, ಮೊದಲ ಕ್ಲಿನಿಕ್ಕಿನಲ್ಲಿ ಯಾಕೆ ‘ಬಿದ್ದೆ’ ಅಂದಿರಿ. ಅದನ್ನು ಕೇಸ್ ಶೀಟಿನಲ್ಲಿ ಬರೆಯಲು ಕೇಳಿಕೊಳ್ಳಿ. ಎಂಎಲ್‌ಸಿ ಮಾಡಿ ಎಂದೂ ಹೇಳಿ. ಎಂಎಲ್‌ಸಿ ಎಂದರೆ ‘ಇದು ಅಪಘಾತದ ಗಾಯ’ ಎಂದು ಆಸ್ಪತ್ರೆ ಪೊಲೀಸರಿಗೆ ತಿಳಿಸುವ ದಾಖಲೆ. ತಡವಾಗಿ ಆದರೂ ಆಗಲಿ. ಆ ಖಾಸಗಿ ಆಸ್ಪತ್ರೆಯವರು ಮಾಡದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ.

ಮೂರನೆಯದು ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಕೈಯಲ್ಲಿದೆ. ಆ 5,000 ರೂಪಾಯಿ ಬಂದ ಫೋನ್‌ಪೇ ದಾಖಲೆ. ಆ ದಿನ, ಆ ಹೊತ್ತಿಗೆ, ಆ ಹುಡುಗ ನಿಮಗೆ ದುಡ್ಡು ಹಾಕಿದ್ದಾನೆ. ಮನೆಯಲ್ಲಿ ಜಾರಿ ಬಿದ್ದವರಿಗೆ ಗುರುತಿಲ್ಲದ ಬೆಂಗಳೂರಿನವರು ದುಡ್ಡು ಹಾಕುತ್ತಾರಾ? ಇದರ ಸ್ಕ್ರೀನ್‌ಶಾಟ್ ಅಷ್ಟೇ ಸಾಲದು, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಿ. ಭಾವ ತೆಗೆದ ಫೋಟೋ ಇದ್ದರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಬಿಟ್ಟು ಫೋನಿನಲ್ಲಿರುವ ಮೂಲ ಫೋಟೋವನ್ನೇ ಉಳಿಸಿ, ಅದರಲ್ಲಿ ಸಮಯ ಇರುತ್ತದೆ. ಆ ಹುಡುಗನ ಜೊತೆ ನಡೆದ ಮೆಸೇಜು ಅಳಿಸಬೇಡಿ. ಹಂಪ್ ಹತ್ತಿರ ಪೆಟ್ರೋಲ್ ಬಂಕ್, ಅಂಗಡಿ ಏನಾದರೂ ಇದ್ದರೆ ಇವತ್ತೇ ಹೋಗಿ ಸಿಸಿಟಿವಿ ಕೇಳಿ. ಎಷ್ಟೋ ಕಡೆ ತಿಂಗಳೊಳಗೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ, ನಿಮಗೆ 26 ದಿನ ಆಗಲೇ ಕಳೆದಿದೆ.

ಪರಿಹಾರದ ಕೇಸಿನಲ್ಲಿ ಕೊಲೆ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ನ್ಯಾಯಾಧೀಶರಿಗೆ ಅನ್ನಿಸಬೇಕು, ಅಷ್ಟೇ. ಒಂದು ಚೀಟಿಯ ಎದುರು ಐದಾರು ಕಾಗದ ಒಂದೇ ಮಾತು ಹೇಳಿದರೆ ಚೀಟಿಯ ತೂಕ ಇಳಿಯುತ್ತದೆ.

ಪೊಲೀಸ್ ದೂರು ಕೊಡಬಹುದಾ ಎಂದು ಕೇಳಿದ್ದೀರಿ. ಕೊಡಬಹುದು, ಕೊಡಬೇಕು. ಎಫ್ಐಆರ್ ತಡವಾಯಿತು ಎನ್ನುವ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡ ಯಾಕಾಯಿತು ಎಂದು ನಂಬುವ ಹಾಗೆ ಹೇಳಬೇಕು. ನಿಮ್ಮಲ್ಲಿ ಒಳ್ಳೆಯ ಕಾರಣವೇ ಇದೆಯಲ್ಲ. ಆವತ್ತು ನೋವು ಕಡಿಮೆ ಇತ್ತು, ಮಾತಿನಲ್ಲೇ ರಾಜಿ ಆಯಿತು, ಮೂಳೆ ಮುರಿದದ್ದು ಗೊತ್ತಾದದ್ದೇ ಹದಿನೈದು ದಿನದ ಮೇಲೆ. ದೂರಿನಲ್ಲಿ ಇದನ್ನೇ ಬರೆಯಿರಿ. ‘ಬಿದ್ದೆ ಎಂದು ನಾನೇ ತಪ್ಪು ಹೇಳಿದ್ದೆ, ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ’ ಎಂಬುದನ್ನೂ ಬರೆಯಿರಿ. 5,000 ತೆಗೆದುಕೊಂಡದ್ದನ್ನೂ. ಮುಜುಗರದ ಸಂಗತಿ ನಿಮ್ಮ ಬಾಯಿಂದ ಮೊದಲು ಬಂದರೆ ಅದು ವಿವರಣೆ. ಎದುರು ವಕೀಲರ ಬಾಯಿಂದ ಬಂದರೆ ಬಯಲಾದ ಗುಟ್ಟು. ದೂರು ಬರೆದುಕೊಡುವವರು ಠಾಣೆ ಹತ್ತಿರ ಇರುತ್ತಾರೆ, ಅವರು ‘ತಾರೀಖು ಸ್ವಲ್ಪ ಈಚೆಗೆ ಹಾಕೋಣ’ ಎಂದರೆ ಕೇಳಬೇಡಿ.

ಅಪಘಾತ ನಡೆದ ಜಾಗ ಯಾವ ಠಾಣೆಯ ಸರಹದ್ದೋ ಅಲ್ಲಿ ಕೊಡಿ. ‘ಇದು ನಮ್ಮದಲ್ಲ, ಆ ಠಾಣೆಗೆ ಹೋಗಿ’ ಎಂದು ಓಡಾಡಿಸಿದರೆ ಜೀರೋ ಎಫ್ಐಆರ್, ಅಂದರೆ ಸರಹದ್ದು ಯಾವುದೇ ಇರಲಿ ಅಲ್ಲೇ ದಾಖಲಿಸಿಕೊಳ್ಳುವ ಎಫ್ಐಆರ್, ಮಾಡಿ ಎಂದು ಕೇಳುವ ಹಕ್ಕಿದೆ. ದಾಖಲೇ ಮಾಡದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್ಪಿ ಅವರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಎಫ್ಐಆರ್ ಇಲ್ಲದೆಯೂ ಪರಿಹಾರ ಕೇಳಬಾರದು ಎಂದೇನೂ ಕಾನೂನಿನಲ್ಲಿ ಇಲ್ಲ. ಆದರೆ ನಿಮ್ಮಂಥ ಚೀಟಿ ಇಟ್ಟುಕೊಂಡು ಎಫ್ಐಆರ್ ಕೂಡ ಇಲ್ಲದೆ ಹೋಗುವುದು ಬೇಡ.

ಎಫ್ಐಆರ್ ಆದ ಮೇಲೆ ಪೊಲೀಸರು ಸ್ಥಳ ಮಹಜರು ಮಾಡುತ್ತಾರೆ, ಎರಡೂ ಕಾರನ್ನು ಮೋಟಾರು ವಾಹನ ನಿರೀಕ್ಷಕರಿಂದ ನೋಡಿಸುತ್ತಾರೆ, ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ತರಿಸಿಕೊಳ್ಳುತ್ತಾರೆ. 2022ರಿಂದ ಬಂದ ನಿಯಮದಲ್ಲಿ ಅವರಿಗೂ ಗಡುವು ಇದೆ. ಮೊದಲ ವರದಿ 48 ಗಂಟೆಯೊಳಗೆ, ವಿವರವಾದ ಅಪಘಾತ ವರದಿ 90 ದಿನದೊಳಗೆ, ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಗೆ ಹೋಗಬೇಕು. ಎಲ್ಲ ಕಡೆ ಗಡಿಯಾರ ನೋಡಿಕೊಂಡು ನಡೆಯುತ್ತದೆ ಎಂದು ನಾನು ಹೇಳಲಾರೆ, ವಾರಕ್ಕೊಮ್ಮೆ ಹೋಗಿ ಕೇಳುತ್ತಿರಿ. ಭಾವನ ಕಾರಿನ ಬಂಪರ್ ರಿಪೇರಿಗೆ ಬಿಟ್ಟಿಲ್ಲ ತಾನೇ? ಬಿಡಬೇಡಿ, ನಿರೀಕ್ಷಕರು ನೋಡಲಿ.

ಆ ಹುಡುಗನ ಮೇಲೆ ಕೇಸ್ ಹಾಕಲು ಮನಸ್ಸು ಬರುತ್ತಿಲ್ಲ ಎಂಬುದು ನಿಮ್ಮ ಬರಹದಲ್ಲೇ ಕಾಣುತ್ತದೆ. ಒಳ್ಳೆಯ ಗುಣ. ಅವನಿಗೆ ಮೊದಲೇ ಫೋನ್ ಮಾಡಿ ಹೇಳಿ: ಕೈ ಮುರಿದಿದೆ, ದೂರು ಕೊಡದೆ ವಿಧಿಯಿಲ್ಲ, ದುಡ್ಡು ನಿನ್ನ ಜೇಬಿನಿಂದ ಬರುವುದಿಲ್ಲ ಅಂತ. ಇಂಥ ಕೇಸಿನಲ್ಲಿ ಜಾಮೀನು ಠಾಣೆಯಲ್ಲೇ ಸಿಗುತ್ತದೆ. ಪಾಲಿಸಿ ಚಾಲ್ತಿಯಲ್ಲಿದ್ದು, ಲೈಸೆನ್ಸ್ ಸರಿಯಾಗಿದ್ದರೆ ಪರಿಹಾರ ಕೊಡುವುದು ಕಂಪನಿ. ವರ್ಷ ವರ್ಷ ಪ್ರೀಮಿಯಂ ಕಟ್ಟುವುದು ಇದಕ್ಕೇ ಅಲ್ವಾ? ಅವನ ಕಾರಿನ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ಪಾಲಿಸಿ ಯಾವ ದಿನದವರೆಗೆ ಇದೆ ಎಂದು ನೀವೇ ನೋಡಬಹುದು. ಪಾಲಿಸಿ ಮುಗಿದಿದ್ದರೆ ಮಾತ್ರ ಹೊರೆ ಕಾರಿನ ಮಾಲೀಕರ ಮೇಲೆ ಬೀಳುತ್ತದೆ.

ಈಗ ಭಾವನ ಕಂಬದ ಕಥೆ. ದಯವಿಟ್ಟು ಬೇಡ ಅನ್ನಿ. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಪೊಲೀಸ್ ರಗಳೆ ಇಲ್ಲದೆ ಬಂಪರ್ ಸರಿಯಾಗಲಿ ಅಂತ. ಆದರೆ ಅವರ ಕ್ಲೇಮ್ ಫಾರಂ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಕೂರುತ್ತದೆ. ನಾಳೆ ಅವರೇ ನಿಮ್ಮ ಮುಖ್ಯ ಸಾಕ್ಷಿ. ಅದೇ ಕಾರು, ಅದೇ ಬಂಪರ್, ಒಂದು ಕಡೆ ಕಂಬ, ಇನ್ನೊಂದು ಕಡೆ ಬೆಂಗಳೂರಿನ ಕಾರು ಎಂದಾದರೆ ಅವರನ್ನು ಸಾಕ್ಷಿಕಟ್ಟೆಗೆ ಹತ್ತಿಸುವ ಹಾಗೇ ಇಲ್ಲ. ನಿಮ್ಮ ಚೀಟಿಯ ಜೊತೆ ಅವರ ಫಾರಂ ಸೇರಿಬಿಟ್ಟರೆ ಆಮೇಲೆ ನಾನೇನು, ಯಾರೂ ಉಳಿಸಲಾರರು. ಸುಳ್ಳು ಕಾರಣ ಬರೆದದ್ದು ಗೊತ್ತಾದರೆ ಅವರ ಕ್ಲೇಮೂ ಹೋಗುತ್ತದೆ. ನಡೆದದ್ದನ್ನೇ ಬರೆದು ಅವರ ಸ್ವಂತ ಪಾಲಿಸಿಯಲ್ಲಿ ರಿಪೇರಿ ಮಾಡಿಸಿಕೊಳ್ಳಲಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ ಎಂಬ ಸಂಕಟ ಇದ್ದರೆ, ರಿಪೇರಿ ಖರ್ಚು ಎಷ್ಟು, ಬೋನಸ್ ಎಷ್ಟು ಎಂದು ಎರಡನ್ನೂ ಹೋಲಿಸಿ ನೋಡಲಿ. ಸಣ್ಣ ಬಂಪರಿಗೆ ಕೆಲವೊಮ್ಮೆ ಕೈಯಿಂದ ಹಾಕುವುದೇ ಲಾಭ.

ಇನ್ನು ನಿಮಗೆ ಬರುತ್ತಿರುವ ಫೋನು. ಮೊದಲು ಅವರ ಹೆಸರು, ಹುದ್ದೆ, ಕ್ಲೇಮ್ ನಂಬರ್ ಕೇಳಿ, ಇಮೇಲಿನಲ್ಲಿ ಅಥವಾ ಪತ್ರದಲ್ಲಿ ಬರೆದು ಕಳಿಸಿ ಎನ್ನಿ. ಕಂಪನಿ ರಾಜಿಗೆ ಬರುವುದು ತಪ್ಪಲ್ಲ. ಕಾಯ್ದೆಯ 149ನೇ ಸೆಕ್ಷನ್ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಿ, ನ್ಯಾಯಮಂಡಳಿಯ ಮುಂದೆ ಮೊತ್ತ ಹೇಳಬೇಕು, ನೀವು ಒಪ್ಪಿದರೆ ಅದು ದಾಖಲಾಗಿ 30 ದಿನದೊಳಗೆ ದುಡ್ಡು ಬರಬೇಕು. ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕೂತು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಆ ದಾರಿಯಲ್ಲ.

ಅವರು ಫೋನ್ ಮಾಡಿದಾಗ ‘ಚೆನ್ನಾಗಿದ್ದೀರಾ ಸರ್, ಊಟ ಆಯ್ತಾ’ ಎಂದೇ ಶುರು ಮಾಡುತ್ತಾರೆ. ನಮ್ಮ ಕಡೆ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ‘ಹ್ಞೂ ಸರ್, ಚೆನ್ನಾಗಿದ್ದೀನಿ’. ಸಾಯುವ ಹಾಗಿದ್ದರೂ ಹಾಗೇ ಅನ್ನುತ್ತೇವೆ! ಕರೆ ರೆಕಾರ್ಡ್ ಆಗುತ್ತಿರುತ್ತದೆ. ‘ಕೈ ಪ್ಲಾಸ್ಟರಿನಲ್ಲಿದೆ, ಏನೇ ಇದ್ದರೂ ಬರೆದು ಕಳಿಸಿ’ ಎಂದು ಹೇಳಿ ಇಟ್ಟುಬಿಡಿ. ಜಗಳ ಆಡಬೇಕಾಗಿಲ್ಲ. ಅವರೂ ಸಂಬಳಕ್ಕೆ ದುಡಿಯುವವರು.

ಮೊತ್ತದ ಲೆಕ್ಕಕ್ಕೆ ಬರೋಣ. ಇಲ್ಲಿ ನಿಮ್ಮ ಕಸುಬು ದೊಡ್ಡ ವಿಷಯ.

ಮೂರು ತಿಂಗಳು ಪ್ಲಾಸ್ಟರ್ ಅಂದರೆ ಮೂರು ತಿಂಗಳು ಬೇಸಿನ್ ಮುಂದೆ ಕೂರುವ ಹಾಗಿಲ್ಲ. ಬಿಸಿನೀರು, ಹಬೆ, ಎಳೆ ಹುಡುಕಿ ಸೇರಿಸುವ ಹೆಬ್ಬೆರಳು, ತೋರುಬೆರಳು. ಗೂಡಿನ ಕ್ರೇಟ್ ಎತ್ತುವ ಹಾಗೂ ಇಲ್ಲ. ನಿಮ್ಮ ಜಾಗಕ್ಕೆ ಆಳು ಇಟ್ಟಿದ್ದರೆ ಅವರಿಗೆ ಕೊಡುವ ಕೂಲಿಯನ್ನು ಕೈಗೆ ಕೊಡಬೇಡಿ, ಫೋನ್‌ಪೇ ಮಾಡಿ. ಅದೇ ನಿಮ್ಮ ನಷ್ಟದ ದಾಖಲೆ. ಆದಾಯಕ್ಕೆ ರೇಷ್ಮೆ ಇಲಾಖೆಯ ರೀಲಿಂಗ್ ಲೈಸೆನ್ಸ್, ಗೂಡು ಮಾರುಕಟ್ಟೆಯಲ್ಲಿ ಕೊಂಡ ಚೀಟಿಗಳು, ನೂಲು ಮಾರಿದ ಬಿಲ್ಲು, ಹಿಂದಿನ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ. ಬೇಸಾಯ, ಕೂಲಿ, ಸಣ್ಣ ವ್ಯಾಪಾರದ ಜನರಲ್ಲಿ ಇಷ್ಟು ದಾಖಲೆ ಇರುವವರೇ ಕಡಿಮೆ. ಆ ಮಟ್ಟಿಗೆ ರೀಲರುಗಳು ಪುಣ್ಯವಂತರು. ಏನೂ ಇಲ್ಲದಿದ್ದರೆ ಒಂದು ಅಂದಾಜು ಆದಾಯ ಹಿಡಿಯುತ್ತಾರೆ. ಅದಕ್ಕೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿ ಇದೆ, ಅಪಘಾತವಾದ ವರ್ಷದ ಮೇಲೆ ಮೊತ್ತ ನಿಲ್ಲುತ್ತದೆ.

ಕೈಯಲ್ಲಿ ಊನ ಉಳಿದರೆ ಲೆಕ್ಕ ಹೇಗೆ ಬೆಳೆಯುತ್ತದೆ ನೋಡಿ. ಸುಮ್ನೆ ಉದಾಹರಣೆಗೆ, ತಿಂಗಳ ಆದಾಯ 15,000 ಎಂದು ಹಿಡಿಯೋಣ. ವರ್ಷಕ್ಕೆ 1,80,000. ನಿಮ್ಮ ವಯಸ್ಸು 36ರಿಂದ 40ರ ಗುಂಪಿನಲ್ಲಿದೆ, ಆ ಗುಂಪಿಗೆ 2009ರ ಸುಪ್ರೀಂ ಕೋರ್ಟ್ ತೀರ್ಪಿನ ಪಟ್ಟಿಯಲ್ಲಿ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆ, 15. ಗುಣಿಸಿದರೆ 27 ಲಕ್ಷ. ಡಾಕ್ಟರು ಬಲಗೈಗೆ 12 ಪರ್ಸೆಂಟ್ ಊನ ಎಂದರೆ, ನಮ್ಮ ನ್ಯಾಯಮಂಡಳಿಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ. ಅಂದರೆ 4 ಪರ್ಸೆಂಟ್, 1,08,000 ರೂಪಾಯಿ. ಆದರೆ ನಿಮ್ಮ ವಕೀಲರು ಇಲ್ಲಿಗೇ ಸುಮ್ಮನಾಗಬಾರದು. ದೇಹದ ಊನ ಬೇರೆ, ದುಡಿಮೆಯ ಊನ ಬೇರೆ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಒಂದೇ ಕೈ ಹೋದರೆ ಬಡಗಿಗೆ, ಡ್ರೈವರಿಗೆ ದುಡಿಮೆಯೇ ಹೋದ ಹಾಗೆ, ಕಚೇರಿಯ ಗುಮಾಸ್ತನಿಗೆ ಹಾಗಲ್ಲ ಎಂಬ ಉದಾಹರಣೆ ಅದರಲ್ಲೇ ಇದೆ. ಹೆಬ್ಬೆರಳಿನ ಹಿಡಿತದಲ್ಲಿ ಎಳೆ ಹಿಡಿಯುವ ರೀಲರಿಗೂ ಅದೇ ತರ್ಕ. ಆ ನಷ್ಟವನ್ನು 10 ಪರ್ಸೆಂಟ್ ಎಂದು ಒಪ್ಪಿದರೆ ಅದೇ ಲೆಕ್ಕ 2,70,000 ಆಗುತ್ತದೆ. ಇದರ ಮೇಲೆ ಔಷಧಿ ಖರ್ಚು, ದುಡಿಯದ ಮೂರು ತಿಂಗಳಿಗೆ 45,000, ನೋವಿಗೆ, ಓಡಾಟಕ್ಕೆ, ಆರೈಕೆಗೆ ಬೇರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ 6ರಿಂದ 9 ಪರ್ಸೆಂಟ್.

ಕೈ ಪೂರ್ತಿ ಸರಿಹೋದರೆ ಈ ಊನದ ಲೆಕ್ಕವೇ ಇಲ್ಲ. ಹಾಗೇ ಆಗಲಿ ಎಂದು ಹಾರೈಸುತ್ತೇನೆ. ಆಗ 164ರ ದಾರಿಯೇ ವಾಸಿ ಎನ್ನಿಸಬಹುದು. ಅದಕ್ಕೇ ಕಾಯಿರಿ ಎಂದದ್ದು. ಊನ ಇಲ್ಲದಿದ್ದರೂ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎನ್ನುವವರು ಆಸ್ಪತ್ರೆ ಬಾಗಿಲಲ್ಲೇ ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಕೋರ್ಟಿಗೆ ಬಂದು ಹೇಳುವ 8 ಪರ್ಸೆಂಟಿಗೆ ಇರುವ ಬೆಲೆ, ಎಲ್ಲಿಂದಲೋ ತಂದ 30 ಪರ್ಸೆಂಟಿಗೆ ಇಲ್ಲ.

ಗಡುವು ಮರೆಯಬೇಡಿ. ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಅದನ್ನು ನಂಬಿಕೊಂಡು ನೀವು ಕೂರಬೇಡಿ. ನಿಮಗೆ ಒಂದು ತಿಂಗಳು ಆಗಲೇ ಹೋಯಿತು, ಪ್ಲಾಸ್ಟರ್ ಬಿಚ್ಚುವಾಗ ನಾಲ್ಕು ತಿಂಗಳು ಹತ್ತಿರ ಬರುತ್ತದೆ. ಅರ್ಜಿಯನ್ನು ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು, ಕಾರು ಬೆಂಗಳೂರಿನದು ಎಂದು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಿ, ಬೇಗ ಮುಗಿಯುತ್ತದೆ. ಅಲ್ಲಿ ಒಪ್ಪಿದ್ದಕ್ಕೆ ಮತ್ತೆ ಅಪೀಲು ಇಲ್ಲ ಎಂಬುದು ಮಾತ್ರ ನೆನಪಿರಲಿ. ವಕೀಲರ ಫೀಸನ್ನು ಮೊದಲೇ ಮಾತಾಡಿಕೊಳ್ಳಿ. ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಎಂದು ಫೀಸು ಗೊತ್ತು ಮಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಇದನ್ನು ಬರೆದದ್ದಕ್ಕೆ ನನ್ನ ಕೆಲವು ಗೆಳೆಯರು ಬೈದುಕೊಳ್ಳಬಹುದು, ಇರಲಿ.

ಬಿಲ್ಲುಗಳ ಬಗ್ಗೆ ಒಂದೇ ಮಾತು. ನಿಮ್ಮದು ಆರೋಗ್ಯ ವಿಮೆ ಇದ್ದು ಅಲ್ಲಿ ಮೂಲ ಬಿಲ್ ಕೊಡುವುದಾದರೆ, ಕೊಡುವ ಮೊದಲೇ ಆಸ್ಪತ್ರೆಯ ಸೀಲ್ ಇರುವ ಒಂದು ಪ್ರತಿ ಮಾಡಿಸಿಟ್ಟುಕೊಳ್ಳಿ. ಆ ವಿಮೆಯಿಂದ ಬಂದ ದುಡ್ಡನ್ನು ಪರಿಹಾರದಲ್ಲಿ ಕಳೆಯಬೇಕೋ ಬೇಡವೋ ಎಂಬಲ್ಲಿ ಹೈಕೋರ್ಟುಗಳೇ ಒಂದೊಂದು ರೀತಿ ಹೇಳಿವೆ. ಹಾಗಾಗಿ ಮುಚ್ಚಿಡಬೇಡಿ, ವಕೀಲರಿಗೆ ತಿಳಿಸಿ.

ಕೊನೆಯದಾಗಿ ಆ 5,000. ವಾಪಸ್ ಕೊಡಬೇಡಿ. ಹೆಚ್ಚಿನದನ್ನೂ ಅವನಿಂದ ಕೇಳಬೇಡಿ. ವಾಪಸ್ ಕೊಟ್ಟರೆ ‘ಅದು ಕೈಗಡವಾಗಿ ಕೊಟ್ಟ ದುಡ್ಡು, ತೀರಿತು’ ಎಂದು ನಾಳೆ ಯಾರಾದರೂ ಹೇಳುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಅರ್ಜಿಯಲ್ಲಿ ‘ಸ್ಥಳದಲ್ಲಿ 5,000 ಪಡೆದಿದ್ದೇನೆ, ಪರಿಹಾರದಲ್ಲಿ ಕಳೆಯಲು ಅಭ್ಯಂತರವಿಲ್ಲ’ ಎಂದು ಒಂದು ಸಾಲು ಬರೆಸಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಸಾಲಿಗೆ ಒಂದು ಗೀಟು ಎಳೆದು ಅರ್ಜಿಯ ಜೊತೆ ಲಗತ್ತಿಸಿ.